ನೋವಿಲ್ಲದ ದಿನ ನೋಡಬೇಕಾದ ಹಲ್ಲು

(ಕುವೈತಿನ ಎಗೈಲಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಆರೋಗ್ಯದ ಬಗ್ಗೆ ಏನಾದರೂ ಮಾತಾಡಿ ಎಂದು ಸಂಘಟಕರು ಕೇಳಿದಾಗ ಹೃದಯ, ಸಕ್ಕರೆ ಕಾಯಿಲೆ, ಬೆನ್ನುನೋವು ಎಲ್ಲವೂ ಅವರ ಪಟ್ಟಿಯಲ್ಲಿದ್ದವು. ನಾನು ಬುದ್ಧಿಹಲ್ಲನ್ನು ಆರಿಸಿಕೊಂಡೆ. ಎಗೈಲಾದ ಆಸುಪಾಸಿನಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗರಲ್ಲಿ ಇಪ್ಪತ್ತರಿಂದ ನಲವತ್ತರೊಳಗಿನವರು ಬಹಳ ಮಂದಿ, ಬುದ್ಧಿಹಲ್ಲು ಕಾಟ ಕೊಡುವುದೂ ಹೆಚ್ಚಾಗಿ ಆ ವಯಸ್ಸಿನಲ್ಲೇ. ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ ಎಂಬ ಧೈರ್ಯದಲ್ಲಿ ನಾವು ಅದನ್ನು ಹಿಂದಕ್ಕೆ ಹಾಕುತ್ತ ಬರುತ್ತೇವೆ. ಆ ಧೈರ್ಯ ಸರಿಯಲ್ಲ ಎಂಬುದನ್ನೂ ಇವತ್ತು ಹೇಳಬೇಕಾಗಿದೆ.

ಪರದೇಶದಲ್ಲಿರುವ ನಮ್ಮ ನಡುವೆ ಎರಡು ಅಭ್ಯಾಸಗಳನ್ನು ನೋಡುತ್ತಿದ್ದೇನೆ. ‘ಊರಿಗೆ ಹೋದಾಗ ತೋರಿಸಿದರಾಯಿತು’ ಎಂದು ಮಾತ್ರೆ ನುಂಗುತ್ತ ದಿನ ದೂಡುವುದು ಒಂದು. ಊರಿಗೆ ಹೋದ ಕೂಡಲೇ ‘ಹೇಗೂ ಬಂದಿದ್ದೇನೆ, ನಾಲ್ಕನ್ನೂ ತೆಗೆದುಬಿಡಿ ಡಾಕ್ಟ್ರೇ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ತೆಗೆಯಲೇಬೇಕಾದ ಹಲ್ಲು ಬಾಯಲ್ಲೇ ಉಳಿದು ಕೆಡುತ್ತದೆ. ಎರಡನೆಯದರಲ್ಲಿ ಯಾರಿಗೂ ತೊಂದರೆ ಕೊಡದ ಹಲ್ಲು ಹೋಗುತ್ತದೆ, ಕೆಲವೊಮ್ಮೆ ಹೋಗುವಾಗ ತುಟಿಯ ಸ್ಪರ್ಶವನ್ನೂ ಒಯ್ಯುತ್ತದೆ. ಎರಡರಲ್ಲೂ ತೀರ್ಮಾನ ಮಾಡುತ್ತಿರುವುದು ವಿಮಾನದ ಟಿಕೆಟ್ಟು. ಅದು ಆಗಬಾರದು. ನೋವಿಲ್ಲದ ದಿನವೇ ಎಕ್ಸ್‌ರೇ ತೆಗೆಸಿ, ಹಲ್ಲು ಹೇಗೆ ಕೂತಿದೆ ಎಂದು ನೋಡಿ, ರೋಗ ಇದೆಯೇ, ಬರುವ ಲಕ್ಷಣ ಇದೆಯೇ ಎಂಬುದರ ಮೇಲೆ ನಿರ್ಧರಿಸಬೇಕು. ನನ್ನ ಮಾತಿನ ತಿರುಳು ಇಷ್ಟೇ.

ಬುದ್ಧಿಹಲ್ಲು, ಅಂದರೆ ಮೂರನೆಯ ದವಡೆಹಲ್ಲು, ಎಲುಬಿನೊಳಗೆ ಗಟ್ಟಿಯಾಗತೊಡಗುವುದು ಮಗುವಿಗೆ ಏಳರಿಂದ ಹತ್ತು ವರ್ಷವಾದಾಗ. ಹೊರಗೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 17ರಿಂದ 25ರ ನಡುವೆ. ಅಷ್ಟು ಹೊತ್ತಿಗೆ ಮುಂದಿನ ಹಲ್ಲುಗಳೆಲ್ಲ ತಮ್ಮ ಜಾಗ ಹಿಡಿದು ಕೂತಿರುತ್ತವೆ. ಬೇಯಿಸಿದ ಮೆತ್ತನೆಯ ಆಹಾರಕ್ಕೆ ಒಗ್ಗಿದ ಮನುಷ್ಯನ ದವಡೆ ಪೀಳಿಗೆಯಿಂದ ಪೀಳಿಗೆಗೆ ಚಿಕ್ಕದಾಗುತ್ತ ಬಂದಿದೆ. ಈ ಹಲ್ಲು ಕ್ಷೀಣಿಸುತ್ತಿದೆ ಎಂದು ಡಾರ್ವಿನ್ 1871ರಲ್ಲೇ ಬರೆದಿದ್ದ. ಜಗತ್ತಿನ ಬೇರೆ ಬೇರೆ ಜನಸಮುದಾಯಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಒಂದಾದರೂ ಬುದ್ಧಿಹಲ್ಲು ಸಿಕ್ಕಿಕೊಂಡಿರುತ್ತದೆ. ಹುಟ್ಟಿನಿಂದಲೇ ಒಂದಾದರೂ ಬುದ್ಧಿಹಲ್ಲು ಇಲ್ಲದವರೂ ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ‘ನನಗೆ ಇನ್ನೂ ಬಂದಿಲ್ಲ’ ಎನ್ನುವವರ ಬಾಯಲ್ಲಿ ಹಲ್ಲು ಇಲ್ಲವೇ ಇರಬಹುದು, ಎಲುಬಿನೊಳಗೆ ಅಡ್ಡ ಬಿದ್ದೂ ಇರಬಹುದು. ಕನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಕೆಳದವಡೆಯಲ್ಲಿ ಬಹಳ ಮಂದಿಗೆ ಈ ಹಲ್ಲು ಮುಂದಕ್ಕೆ ವಾಲಿರುತ್ತದೆ, ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಒರಗಿ ನಿದ್ದೆ ಹೋದವರ ಹಾಗೆ. ಕೆಲವರಲ್ಲಿ ಪೂರ್ತಿ ಅಡ್ಡ ಮಲಗಿರುತ್ತದೆ. ಇನ್ನು ಕೆಲವರಲ್ಲಿ ನೆಟ್ಟಗೇ ಇದ್ದರೂ ಅರ್ಧ ಮೇಲೆ ಬಂದು ನಿಂತುಬಿಡುತ್ತದೆ. ತೊಂದರೆಯ ಲೆಕ್ಕದಲ್ಲಿ ಪೂರ್ತಿ ಹೂತ ಹಲ್ಲಿಗಿಂತ ಅರ್ಧ ಹೊರಬಂದದ್ದೇ ಹೆಚ್ಚು ಅಪಾಯ. ಅದರ ಹಿಂಭಾಗವನ್ನು ವಸಡಿನ ಒಂದು ಪದರ ಮುಚ್ಚಿಕೊಂಡಿರುತ್ತದೆ. ಆ ಪದರದ ಅಡಿಗೆ ಅನ್ನದ ಅಗುಳು ಹೋಗುತ್ತದೆ, ಬ್ರಷ್ ಹೋಗುವುದಿಲ್ಲ.

ಒಬ್ಬ ಯುವಕನ ವಿಷಯ ಹೇಳುತ್ತೇನೆ. ಇಲ್ಲೇ ಮಹಬೂಲಾದಲ್ಲಿ ಸ್ನೇಹಿತರೊಂದಿಗೆ ಕೋಣೆ ಹಂಚಿಕೊಂಡಿದ್ದ, ಡೆಲಿವರಿ ಕೆಲಸ. ಎಡಗೆನ್ನೆ ಊದಿತ್ತು. ಬಾಯಿ ತೆರೆ ಎಂದರೆ ಅವನದೇ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯಿತು. ಆರೋಗ್ಯವಂತರು ತಮ್ಮ ಮೂರು ಬೆರಳು ಒಟ್ಟಿಗೆ ಒಳಗಿಡಬಲ್ಲರು, ನೀವೂ ಈಗಲೇ ನೋಡಿಕೊಳ್ಳಬಹುದು. ಅವನ ಕಿಸೆಯಲ್ಲಿ ಮೂರು ಬಗೆಯ ಮಾತ್ರೆಯ ಪಟ್ಟಿಗಳಿದ್ದವು, ಎಲ್ಲವೂ ಊರಿನಿಂದ ಸೂಟ್‌ಕೇಸಿನಲ್ಲಿ ಬಂದಂಥವು. ಎರಡು ದಿನ ಒಂದು, ಕಡಿಮೆಯಾಗದಿದ್ದರೆ ಇನ್ನೊಂದು, ಹೀಗೆ ತಿಂಗಳುಗಟ್ಟಲೆ ನಡೆದಿತ್ತು. ಮೊಂಡು ಸೂಜಿಯ ಸಿರಿಂಜಿನಲ್ಲಿ ಸಲೈನ್ ತುಂಬಿ ಆ ವಸಡಿನ ಪದರದ ಅಡಿಗೆ ಹಾಯಿಸಿದೆ. ಮೊದಲು ಬಂದದ್ದು ಕೀವು, ಆಮೇಲೆ ಕೊಳೆತ ಆಹಾರದ ಚೂರುಗಳು. ವಾಸನೆಗೆ ಅವನೇ ಮುಖ ತಿರುಗಿಸಿದ. ಮತ್ತೆ ನೋಡಿದರೆ ಮೇಲಿನ ಬುದ್ಧಿಹಲ್ಲು ಪ್ರತಿ ಸಲ ಬಾಯಿ ಮುಚ್ಚುವಾಗಲೂ ಊದಿದ ಆ ವಸಡನ್ನೇ ಕಚ್ಚುತ್ತಿತ್ತು. ಎಷ್ಟು ಆ್ಯಂಟಿಬಯಾಟಿಕ್ ನುಂಗಿದರೂ ಆ ಕಚ್ಚುವಿಕೆ ನಿಲ್ಲುತ್ತದೆಯೇ? ಸಿಕ್ಕಿಕೊಂಡ ಆಹಾರ ಹೊರಬರುತ್ತದೆಯೇ? ತೊಳೆದು ಸ್ವಚ್ಛ ಮಾಡಿದ ಮೇಲೆ ಅವನಿಗೆ ಮರುದಿನವೇ ಅರ್ಧ ಆರಾಮ. ಬಾಯಿ ಸರಿಯಾಗಿ ತೆರೆಯುವಂತಾದ ಮೇಲೆ ಹಲ್ಲನ್ನು ತೆಗೆದದ್ದಾಯಿತು.

ಆ್ಯಂಟಿಬಯಾಟಿಕ್ ಬೇಡವೇ ಬೇಡ ಎನ್ನುತ್ತಿಲ್ಲ. ಜ್ವರ ಬಂದಾಗ, ಬಾವು ಹರಡತೊಡಗಿದಾಗ, ಬಾಯಿ ಬಿಗಿದಾಗ ಅದು ಬೇಕು. ಆದರೆ ಅದು ಹಲ್ಲಿನ ಚಿಕಿತ್ಸೆಗೆ ಜೊತೆ, ಚಿಕಿತ್ಸೆಯ ಬದಲಿಗೆ ನಿಲ್ಲುವಂಥದ್ದಲ್ಲ. ಊರಿನಿಂದ ಮಾತ್ರೆ ತರುವವರಿಗೆ ಇನ್ನೊಂದು ಕಿವಿಮಾತು: ಟ್ರಾಮಡಾಲ್, ಕೋಡೀನ್ ಸೇರಿದ ನೋವಿನ ಔಷಧಿಗಳ ಮೇಲೆ ಕುವೈತಿನಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಹಲ್ಲುನೋವಿಗೆಂದು ಇಟ್ಟುಕೊಂಡ ಒಂದು ಪಟ್ಟಿ ವಿಮಾನ ನಿಲ್ದಾಣದಲ್ಲಿ ದೊಡ್ಡ ಸಂಕಟಕ್ಕೆ ಕಾರಣವಾಗಬಹುದು. ದಯವಿಟ್ಟು ತರಬೇಡಿ, ಕಳಿಸಿಕೊಳ್ಳಲೂ ಬೇಡಿ.

ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ ಎಂಬ ಮಾತಿಗೆ ಬರುತ್ತೇನೆ. ಕೆಳಗಿನ ಬುದ್ಧಿಹಲ್ಲಿನ ಬೇರಿನ ತುದಿ ನಾಲಿಗೆಯ ಕೆಳಗಿನ, ಗದ್ದದ ಅಡಿಯ ಮೆತ್ತನೆಯ ಜಾಗಗಳಿಗೆ ಬಹಳ ಹತ್ತಿರ. ಅಲ್ಲಿಗೆ ಸೋಂಕು ಇಳಿದರೆ ಎರಡೂ ಬದಿ ಬಾವು ಗಟ್ಟಿಯಾಗಿ, ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು, ಉಸಿರಿನ ದಾರಿ ಮುಚ್ಚತೊಡಗುತ್ತದೆ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದ, ಅವನ ಹೆಸರೇ ಕಾಯಿಲೆಗೆ ಉಳಿಯಿತು. ಆ್ಯಂಟಿಬಯಾಟಿಕ್ ಬರುವ ಮುಂಚೆ ಇದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಇವತ್ತು ಬಹುಪಾಲು ಮಂದಿ ಉಳಿಯುತ್ತಾರೆ, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ. ನಿಮ್ಮ ಉಗುಳನ್ನು ನೀವೇ ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ, ಸ್ವರ ಬದಲಾಗಿದ್ದರೆ, ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗಿದ್ದರೆ, ಉಸಿರಾಡಲು ಎದ್ದು ಕೂರಬೇಕಾದರೆ ಹಲ್ಲಿನ ಕ್ಲಿನಿಕ್ಕಿನ ಸಮಯ ಕೇಳುತ್ತ ಕೂರಬೇಡಿ. 112ಕ್ಕೆ ಕರೆ ಮಾಡಿ, ಇಲ್ಲವೇ ಅದಾನ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ರೂಮಿನಲ್ಲಿರುವ ಸ್ನೇಹಿತನಿಗೆ ಹೀಗಾದರೆ ನೀವೇ ಎಬ್ಬಿಸಿ ಕರೆದುಕೊಂಡು ಹೋಗಿ, ಬೆಳಿಗ್ಗೆ ನೋಡೋಣ ಎನ್ನಬೇಡಿ. ಕುವೈತಿನಲ್ಲಿ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ ಅಂದಾಜು. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಈ ಬಾವು ಇನ್ನೂ ಬೇಗ ಹರಡುತ್ತದೆ.

ಇಷ್ಟು ಗದ್ದಲ ಮಾಡುವ ಹಲ್ಲಾದರೆ ಒಂದು ದಿನ ವೈದ್ಯರ ಬಳಿಗೆ ಎಳೆದುಕೊಂಡು ಬರುತ್ತದೆ. ನನಗೆ ಹೆಚ್ಚು ಸಂಕಟವಾಗುವುದು ಸದ್ದೇ ಮಾಡದ ಹಲ್ಲನ್ನು ನೋಡಿದಾಗ. ಹಲ್ಲು ಸ್ವಚ್ಛ ಮಾಡಿಸಲೆಂದು ಮೂವತ್ತರ ಆಸುಪಾಸಿನ ಗೃಹಿಣಿಯೊಬ್ಬರು ಬರುತ್ತಾರೆ ಎಂದಿಟ್ಟುಕೊಳ್ಳಿ. ನೋವಿಲ್ಲ, ಬಾವಿಲ್ಲ. ಇಡೀ ಬಾಯಿಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ ಇದೆಯಲ್ಲ, ನಾವು ಓಪಿಜಿ ಎನ್ನುತ್ತೇವೆ, ಅದನ್ನು ತೆಗೆಸಿದರೆ ಬುದ್ಧಿಹಲ್ಲು ಮುಂದಕ್ಕೆ ವಾಲಿ ಪಕ್ಕದ ಹಲ್ಲಿನ ಕುತ್ತಿಗೆಗೆ ತಾಗಿ ಕೂತಿರುವುದು ಕಾಣುತ್ತದೆ. ತಾಗಿದ ಜಾಗದಲ್ಲಿ, ಎರಡನೆಯ ದವಡೆಹಲ್ಲಿನ ಹಿಂಬದಿಯಲ್ಲಿ, ಬಿಳಿಯ ನಡುವೆ ಬಟ್ಟಲಿನಾಕಾರದ ಒಂದು ಕಪ್ಪು ಕಚ್ಚು. ಅದು ಹುಳುಕು. ವಸಡಿನ ಕೆಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಬ್ರಷ್ಷಿಗೂ ಫ್ಲಾಸಿಗೂ ಸಿಗುವುದಿಲ್ಲ. ತುಂಬಿಸೋಣವೆಂದರೆ ಕೈಯಾಡಿಸಲು ಜಾಗವಿಲ್ಲ. ಕೊನೆಗೆ ರೂಟ್ ಕೆನಾಲ್ ಮಾಡಿದರೂ ಹಲವು ಸಲ ಆ ಹಲ್ಲು ಉಳಿಯುವುದಿಲ್ಲ.

ಇಲ್ಲಿ ನಷ್ಟ ಯಾರದು ನೋಡಿ. ಬುದ್ಧಿಹಲ್ಲು ಇಲ್ಲದೆಯೂ ಚೆನ್ನಾಗಿ ಜಗಿಯಬಹುದು. ಎರಡನೆಯ ದವಡೆಹಲ್ಲು ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಬಂದು ಎಪ್ಪತ್ತರವರೆಗೂ ದುಡಿಯಬೇಕಾದ ಹಲ್ಲು. ರೊಟ್ಟಿ, ಚಕ್ಕುಲಿ, ಮಾಂಸ ಎಲ್ಲಕ್ಕೂ ಅದು ಬೇಕು. ಕೆಲಸಕ್ಕೆ ಬಾರದ ಹಲ್ಲನ್ನು ಕಾಯ್ದುಕೊಂಡು ಕೆಲಸದ ಹಲ್ಲನ್ನು ಕಳೆದುಕೊಳ್ಳುವುದು ನನ್ನ ವೃತ್ತಿಯಲ್ಲಿ ನಾನು ಕಾಣುವ ಅತ್ಯಂತ ದುಃಖದ ವ್ಯವಹಾರ. ಕಾರಣ, ಒಂದು ಎಕ್ಸ್‌ರೇ ಹೊತ್ತಿಗೆ ಸರಿಯಾಗಿ ತೆಗೆಸಿದ್ದರೆ ಅದು ಪೂರ್ತಿ ತಪ್ಪುತ್ತಿತ್ತು.

ಹಲ್ಲಿನ ಸುತ್ತ ನೀರುಗುಳ್ಳೆಯಂಥ ಚೀಲ ಬೆಳೆದು ದವಡೆಯ ಎಲುಬನ್ನು ತೆಳುವಾಗಿಸುವುದೂ ಉಂಟು. ಅಪರೂಪ, ಆದರೆ ಇದ್ದರೆ ತೆಗೆಯಲೇಬೇಕು. ಮೇಲಿನ ಬುದ್ಧಿಹಲ್ಲು ಹೊರಕ್ಕೆ ತಿರುಗಿ ಕೆನ್ನೆಯನ್ನು ಒಂದೇ ಜಾಗದಲ್ಲಿ ಕಚ್ಚಿ ಹುಣ್ಣು ಮಾಡುತ್ತಿದ್ದರೂ ತೆಗೆಯಬೇಕು. ಅಡಿಕೆ, ಗುಟ್ಕಾ ಹಾಕುವವರಲ್ಲಂತೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು ಹಲ್ಲು ಕಚ್ಚಿದ್ದೆಂದು ಸುಮ್ಮನೆ ಬಿಡುವ ಹಾಗೇ ಇಲ್ಲ. ಅಡಿಕೆಯಿಂದ ಬಾಯಿ ಬರಬರುತ್ತ ಬಿಗಿಯಾಗುವ ಕಾಯಿಲೆ ನಮ್ಮ ಕರಾವಳಿ, ಮಲೆನಾಡಿನವರಿಗೆ ಹೊಸದಲ್ಲ. ಅಂಥವರಲ್ಲಿ ಬುದ್ಧಿಹಲ್ಲಿನವರೆಗೆ ಸಲಕರಣೆ ತಲುಪಿಸುವುದೇ ಕಷ್ಟ.

ತೆಗೆಯಲು ಕಾರಣವಲ್ಲದ ಸಂಗತಿಗಳೂ ಇವೆ. ಮುಂದಿನ ಹಲ್ಲು ವಕ್ರವಾಗದಿರಲಿ ಎಂದು ಬುದ್ಧಿಹಲ್ಲು ತೆಗೆಸುವುದು ಬಹಳ ಹಳೆಯ ನಂಬಿಕೆ. ಇದಕ್ಕೆ ಆಧಾರವಿಲ್ಲ. ಬುದ್ಧಿಹಲ್ಲು ಹುಟ್ಟಿನಿಂದಲೇ ಇಲ್ಲದವರಲ್ಲೂ ವಯಸ್ಸಾಗುತ್ತ ಕೆಳಗಿನ ಬಾಚಿಹಲ್ಲುಗಳು ಒತ್ತಾಗುತ್ತವೆ. ತಲೆನೋವು ಬಂತೆಂದು ಬುದ್ಧಿಹಲ್ಲಿನ ಮೇಲೆ ಗೂಬೆ ಕೂರಿಸುವುದೂ ಬೇಡ. ಇನ್ನು ನಮ್ಮ ಹಿರಿಯರು ಹೇಳುವ ‘ದವಡೆಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ’ ಎಂಬ ಭಯ. ಕಣ್ಣಿನ ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ತೆಗೆಸುವ ಹೊತ್ತಿಗೂ ಚಾಳೀಸು ಬರುವ ಹೊತ್ತಿಗೂ ಕೆಲವರಲ್ಲಿ ಹೊಂದಿಕೆಯಾಗಿ ಈ ಮಾತು ಹುಟ್ಟಿರಬೇಕು. ತಾಯಿ ತಂದೆ ಫೋನಿನಲ್ಲಿ ಹೀಗೆ ಹೆದರಿಸಿದರೆ ಅವರಿಗೆ ಸಮಾಧಾನ ಹೇಳಿ, ಚಿಕಿತ್ಸೆ ಮುಂದೂಡಬೇಡಿ.

ಹಾಗಾದರೆ ಯಾವಾಗ ತೆಗೆಯಬೇಕು? ವೈದ್ಯಲೋಕದಲ್ಲೇ ಇದರ ಬಗ್ಗೆ ದೊಡ್ಡ ವಾದ ನಡೆದಿದೆ, ನಿಮ್ಮಿಂದ ಮುಚ್ಚಿಡಬೇಕಾದ್ದೇನಿಲ್ಲ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1979ರಲ್ಲಿ ತಜ್ಞರನ್ನು ಕೂಡಿಸಿ ಚರ್ಚಿಸಿತು. ಸೋಂಕು, ಸರಿಪಡಿಸಲಾಗದ ಹುಳುಕು, ಚೀಲ, ಗಡ್ಡೆ, ಪಕ್ಕದ ಹಲ್ಲು ಅಥವಾ ಎಲುಬಿನ ನಾಶ ಇದ್ದರೆ ತೆಗೆಯಬೇಕೆಂಬುದರಲ್ಲಿ ಒಮ್ಮತವಿತ್ತು. ಏನೂ ಇಲ್ಲದ ಹಲ್ಲಿನ ಬಗ್ಗೆ ಜಗಳ ಉಳಿಯಿತು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2000ದಲ್ಲಿ ಖಡಾಖಂಡಿತವಾಗಿ ಹೇಳಿತು: ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ತೆಗೆಯುವುದನ್ನು ನಿಲ್ಲಿಸಿ. ವಸಡಿನ ಸೋಂಕು ಮೊದಲ ಸಲ ಬಂದಾಗ, ಅದು ತೀರಾ ತೀವ್ರವಲ್ಲದಿದ್ದರೆ, ತೆಗೆಯಬೇಕಿಲ್ಲ. ಎರಡನೆಯ ಸಲ ಬಂದರೆ ತೆಗೆಯುವುದನ್ನು ಯೋಚಿಸಿ.

ಆಮೇಲೆ ಅಲ್ಲಿ ಏನಾಯಿತು ಎಂಬುದು ನಮಗೆಲ್ಲ ಪಾಠ. ಮೊದಲು ಶಸ್ತ್ರಕ್ರಿಯೆಗಳ ಸಂಖ್ಯೆ ಇಳಿಯಿತು. ವರ್ಷಗಳು ಕಳೆದ ಹಾಗೆ ಮತ್ತೆ ಏರತೊಡಗಿತು. ತೆಗೆಸಿಕೊಳ್ಳುವವರ ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸಿನಿಂದ ಮೂವತ್ತು ದಾಟಿತು, ಹುಳುಕಿನ ಕಾರಣಕ್ಕೆ ತೆಗೆಸುವವರ ಪಾಲು ಹೆಚ್ಚಾಯಿತು. ಎರಡನೆಯ ದವಡೆಹಲ್ಲಿನ ಬಗ್ಗೆ ನಾನು ಈಗ ಹೇಳಿದ ಕಥೆಯೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹೀಗಾಗಿ 2020ರಲ್ಲಿ ಅಲ್ಲಿನ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ದಂತವಿಭಾಗ ಹೊಸ ಮಾರ್ಗಸೂಚಿ ತಂದು, ಪ್ರತಿ ಹಲ್ಲನ್ನೂ ಪ್ರತಿ ರೋಗಿಯನ್ನೂ ಪ್ರತ್ಯೇಕವಾಗಿ ಅಳೆದು ನಿರ್ಧರಿಸಿ ಎಂದಿತು. ಇದರ ಎದುರು ತುದಿಯಲ್ಲಿ ಅಮೆರಿಕವಿದೆ. ಅಲ್ಲಿ ಹದಿಹರೆಯದಲ್ಲೇ ಲಕ್ಷಗಟ್ಟಲೆ ಹಲ್ಲು ತೆಗೆಯುವುದನ್ನು ದಂತವೈದ್ಯ ಜೇ ಫ್ರೀಡ್‌ಮನ್ 2007ರಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಕೇಡು ಎಂದು ಟೀಕಿಸಿ ಬರೆದರು. ಲಕ್ಷಣವೂ ರೋಗವೂ ಇಲ್ಲದ ಸಿಕ್ಕಿಕೊಂಡ ಹಲ್ಲನ್ನು ತೆಗೆಯುವುದು ಮೇಲೋ ಇಡುವುದು ಮೇಲೋ ಎಂದು ಹೇಳಲು ಸಾಕ್ಷ್ಯ ಸಾಲದು ಎಂಬುದೇ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆ ಮತ್ತೆ ಮತ್ತೆ ಕೊಟ್ಟಿರುವ ಉತ್ತರ.

ನನ್ನ ನಿಲುವು ಹೀಗಿದೆ. ಪೂರ್ತಿ ಎಲುಬಿನೊಳಗೆ ಹೂತು, ಯಾವುದಕ್ಕೂ ತಾಗದೆ, ಸುತ್ತ ಚೀಲವಿಲ್ಲದೆ ಮಲಗಿರುವ ಹಲ್ಲನ್ನು ಬಿಟ್ಟುಬಿಡಿ, ಆಗಾಗ ಎಕ್ಸ್‌ರೇಯಲ್ಲಿ ನೋಡಿಕೊಳ್ಳಿ. ನೆಟ್ಟಗೆ ಬಂದು ಮೇಲಿನ ಹಲ್ಲಿಗೆ ಸರಿಯಾಗಿ ಕೂತು, ಬ್ರಷ್ಷಿಗೆ ಸಿಗುವ ಹಲ್ಲೂ ಇರಲಿ, ಅದನ್ನು ಮುಟ್ಟಬೇಡಿ. ಎರಡನೆಯ ಸಲ ಸೋಂಕಾದದ್ದನ್ನು ತೆಗೆಸಿ. ಅರ್ಧ ಹೊರಬಂದು ಪಕ್ಕದ ಹಲ್ಲಿನ ಕುತ್ತಿಗೆಗೆ ವಾಲಿರುವ ಹಲ್ಲಿದ್ದರೆ ಹುಳುಕು ಕಾಣುವವರೆಗೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತೈದರ ಒಳಗೇ ಅದರ ಬಗ್ಗೆ ನಿಮ್ಮ ವೈದ್ಯರೊಂದಿಗೆ ಕೂತು ಮಾತಾಡಿ.

ವಯಸ್ಸಿನ ಮಾತೇಕೆ? ಬೇರು ಪೂರ್ತಿ ಬೆಳೆಯುವ ಮುಂಚೆ ಹಲ್ಲು ಸುಲಭವಾಗಿ ಬರುತ್ತದೆ, ಎಲುಬು ಮೆದುವಾಗಿರುತ್ತದೆ, ಗಾಯ ಬೇಗ ಮಾಯುತ್ತದೆ. ಬೇರು ಉದ್ದವಾದಂತೆ ಕೆಳದವಡೆಯೊಳಗೆ ಹಾದುಹೋಗುವ ನರಕ್ಕೆ ಹತ್ತಿರವಾಗುತ್ತದೆ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ಅದು. ಹಲ್ಲು ತೆಗೆಯುವಾಗ ಅದಕ್ಕೆ ಪೆಟ್ಟಾದರೆ ತುಟಿಗೆ ಜೋಮು ಹಿಡಿದ ಹಾಗಾಗುತ್ತದೆ. ಬಹುಪಾಲು ಮಂದಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಆ ಒಬ್ಬರಿಗೆ ಚಹಾ ಕುಡಿಯುವಾಗ ಬಿಸಿ ತಿಳಿಯುವುದಿಲ್ಲ, ತುಟಿಗೆ ಅಂಟಿದ ಅನ್ನ ತಿಳಿಯುವುದಿಲ್ಲ. ನಾಲಿಗೆಯ ನರವೂ ಒಳಬದಿಯಲ್ಲಿ ಹತ್ತಿರವೇ ಇದೆ. ಎಕ್ಸ್‌ರೇಯಲ್ಲಿ ಬೇರು ನರದ ಕಾಲುವೆಯನ್ನು ದಾಟುವಲ್ಲಿ ಕಪ್ಪಾಗಿ ಕಂಡರೆ, ಕಾಲುವೆಯ ಬಿಳಿ ಗೆರೆ ಅಲ್ಲಿ ಕಡಿದು ಹೋಗಿದ್ದರೆ, ಕಾಲುವೆಯೇ ತಿರುಗಿದ್ದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಳ್ಳುತ್ತೇವೆ. ಅಪಾಯ ಹೆಚ್ಚಿದ್ದರೆ ಹಲ್ಲಿನ ತಲೆಯನ್ನು ಮಾತ್ರ ಕತ್ತರಿಸಿ ತೆಗೆದು ಬೇರನ್ನು ಅಲ್ಲೇ ಬಿಡುವ ಕ್ರಮವೂ ಇದೆ. ‘ನನ್ನ ಬೇರು ನರಕ್ಕೆ ಎಷ್ಟು ಹತ್ತಿರ ಇದೆ, ತೋರಿಸಿ’ ಎಂದು ಪ್ರತಿಯೊಬ್ಬರೂ ಕೇಳಬೇಕು. ಕೇಳುವುದು ಅವಿಧೇಯತೆಯಲ್ಲ, ತೋರಿಸುವುದು ವೈದ್ಯರ ಕೆಲಸ.

ಶಸ್ತ್ರಕ್ರಿಯೆಯ ಭಯದ ಬಗ್ಗೆ ಒಂದೆರಡು ಮಾತು ಸಾಕು. ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ನಗೆ ಅನಿಲ ಸೇದಿ ತನ್ನದೇ ಬುದ್ಧಿಹಲ್ಲನ್ನು ಸಹೋದ್ಯೋಗಿ ರಿಗ್ಸ್ ಕೈಯಿಂದ ಕೀಳಿಸಿಕೊಂಡ. ಅರಿವಳಿಕೆಯ ಚರಿತ್ರೆಯ ಮೊದಲ ಪುಟಗಳಲ್ಲಿ ಈ ಹಲ್ಲಿಗೇ ಜಾಗ ಸಿಕ್ಕಿದೆ. ಇವತ್ತು ಹೆಚ್ಚಿನವರಿಗೆ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಒತ್ತಡ ಗೊತ್ತಾಗುತ್ತದೆ, ಯಂತ್ರದ ಸದ್ದು ಕೇಳುತ್ತದೆ, ನೋವು ಆಗಬಾರದು. ನೋವಾದರೆ ಕೈ ಎತ್ತಿ, ಮತ್ತೆ ಇಂಜೆಕ್ಷನ್ ಕೊಡುತ್ತಾರೆ.

ಊರಿನಲ್ಲಿ ತೆಗೆಸುವುದು ತಪ್ಪಲ್ಲ. ಇಲ್ಲಿ ಅನೇಕ ಕಂಪನಿಗಳ ವಿಮೆಯಲ್ಲಿ ಹಲ್ಲಿನ ಶಸ್ತ್ರಕ್ರಿಯೆ ಸೇರಿರುವುದಿಲ್ಲ, ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ. 1965ರಿಂದ ಮಣಿಪಾಲದಲ್ಲಿ, 1985ರಿಂದ ದೇರಳಕಟ್ಟೆಯ ಎ.ಬಿ. ಶೆಟ್ಟಿ ದಂತ ಮಹಾವಿದ್ಯಾಲಯದಲ್ಲಿ, 1986ರಿಂದ ಧಾರವಾಡದ ಎಸ್‌ಡಿಎಂನಲ್ಲಿ ಈ ಕೆಲಸ ದಿನನಿತ್ಯ ನಡೆಯುತ್ತಿದೆ. ಆದರೆ ರಜೆಯ ಮೊದಲ ವಾರದಲ್ಲೇ ಹೋಗಿ. ನಮ್ಮವರು ಮದುವೆ, ನೇಮ, ಬ್ಯಾಂಕು, ಜಾಗದ ಕಾಗದ ಎಲ್ಲ ಮುಗಿಸಿ ಹೊರಡುವ ಮೂರು ದಿನದ ಹಿಂದೆ ಹಲ್ಲಿಗೆ ಬರುತ್ತಾರೆ. ಬಾವು ಹೆಚ್ಚಾಗುವುದೇ ಎರಡನೆಯ, ಮೂರನೆಯ ದಿನ. ಹಲ್ಲಿನ ಗುಂಡಿಯಲ್ಲಿ ಕಟ್ಟಿದ ರಕ್ತ ಕಳಚಿ ಎಲುಬು ಬರಿದಾಗಿ, ಕಿವಿಯವರೆಗೆ ಹಬ್ಬುವ ವಿಪರೀತ ನೋವು ಬರುವುದಿದ್ದರೆ ಮೂರರಿಂದ ಐದನೆಯ ದಿನ. ಹೊಲಿಗೆ ಬಿಚ್ಚುವುದು ಸುಮಾರು ಒಂದು ವಾರಕ್ಕೆ. ಇದೆಲ್ಲ ನಿಮ್ಮ ಹಲ್ಲು ತೆಗೆದವರ ಕಣ್ಣೆದುರೇ ಆಗಲಿ. ಸಿಗರೇಟು ಸೇದುವವರಲ್ಲಿ ಆ ಒಣಗುಂಡಿಯ ನೋವು ಹೆಚ್ಚು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಲ್ಲೂ ಹೆಚ್ಚು. ಮೊದಲ ದಿನ ಜೋರಾಗಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಮರುದಿನದಿಂದ ಬೆಚ್ಚಗಿನ ಉಪ್ಪುನೀರು ಸಾಕು. ಲವಂಗದೆಣ್ಣೆಯನ್ನು ನೀವೇ ಗಾಯಕ್ಕೆ ಸುರಿಯಬೇಡಿ, ಮೆತ್ತನೆಯ ಭಾಗ ಸುಡುತ್ತದೆ. ಎಲುಬಿನ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು, ರಕ್ತ ತೆಳುವಾಗಿಸುವ ಮಾತ್ರೆಯವರು ಅದನ್ನು ಮುಂಚೆಯೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು. ಮದುವೆಯಾಗಿ ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳಿಗೆ ಸೋಂಕಿನ ಹಲ್ಲಿದ್ದರೆ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಬಸಿರಿನಲ್ಲಿ ಎಕ್ಸ್‌ರೇಗೂ ಔಷಧಿಗೂ ಹಿಂದೆ ಮುಂದೆ ನೋಡಬೇಕಾಗುತ್ತದೆ.

ಕೊನೆಯದಾಗಿ ಇಲ್ಲಿ ಕೂತಿರುವ ತಾಯಿ ತಂದೆಯರಿಗೆ. ನಿಮ್ಮ ಮಕ್ಕಳು ಇಲ್ಲಿನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹಾಸ್ಟೆಲ್ಲಿಗೆ ಹೊರಡುತ್ತಾರೆ. ವಯಸ್ಸು ಹದಿನೇಳು, ಹದಿನೆಂಟು. ಬುದ್ಧಿಹಲ್ಲು ಏಳುವುದೂ ಆಗಲೇ. ಮೊದಲ ಸೆಮಿಸ್ಟರ್ ಪರೀಕ್ಷೆಯ ಹಿಂದಿನ ರಾತ್ರಿ ದವಡೆ ಊದಿದರೆ ಮಗು ಒಂಟಿಯಾಗಿ ಯಾವುದೋ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತದೆ, ನಿಮಗೆ ಫೋನಿನಲ್ಲಿ ಹೇಳುವುದೂ ಇಲ್ಲ. ವೀಸಾ, ಅಂಕಪಟ್ಟಿ, ಲಸಿಕೆಯ ಕಾಗದಗಳ ಜೊತೆ ಒಂದು ಓಪಿಜಿ ತೆಗೆಸಿ. ಎರಡನೆಯ ದವಡೆಹಲ್ಲಿಗೆ ವಾಲಿದ ಹಲ್ಲಿದ್ದರೆ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವಿನ ಆ ಎರಡು ಮೂರು ತಿಂಗಳಲ್ಲಿ ತೀರ್ಮಾನ ಮಾಡಿ. ಏನೂ ಮಾಡಬೇಕಿಲ್ಲದಿದ್ದರೂ ಆ ಚಿತ್ರದ ಒಂದು ಪ್ರತಿಯನ್ನು ಮಗುವಿನ ಫೋನಿನಲ್ಲೇ ಹಾಕಿಡಿ. ಮುಂದೆ ಯಾವ ಊರಿನಲ್ಲಿ ಯಾವ ವೈದ್ಯರು ನೋಡಿದರೂ ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ಹಲ್ಲು ಸರಿದಿದೆಯೇ ಇಲ್ಲವೇ ಎಂದು ಹೇಳಬಲ್ಲರು.